ಲೇಸರ್ ಮೇಜು, ಕುಬಸದ ಬಳೆ

ಇನ್ನೂ ಹೆಸರಿಲ್ಲದ ನನ್ನ ಕೂಸಿಗೆ,

ನಿನ್ನ ತಾಯಿಯ ಕೆಲಸ ಏನೆಂದು ಮುಂದೆ ಯಾರಾದರೂ ಕೇಳಿದರೆ ತಡವರಿಸಬೇಡ. ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಒಂದು ಹರಳಿನೊಳಕ್ಕೆ ಬಿಡುತ್ತೇನೆ. ಆಚೆ ಬದಿಯಿಂದ ಅದು ಹಸಿರಾಗಿ ಹೊರಬರಬೇಕು. ಮಂದ ಬೆಳಕು ಇದ್ದ ಹಾಗೇ ದಾಟಿಬಿಡುತ್ತದೆ. ತೀಕ್ಷ್ಣವಾಗಿದ್ದರೆ ಮಾತ್ರ ಬಣ್ಣ ಬದಲಾಗುತ್ತದೆ. ಅದಕ್ಕೆಂದೇ ಪದರ ಪದರವಾಗಿ ರೂಪಿಸಿದ ಹರಳು, ಎರವಲು ತಂದದ್ದು. ಸೋಮವಾರ ಹಿಂದಿರುಗಿಸಬೇಕಿತ್ತು. ಅಷ್ಟರೊಳಗೆ ಹಸಿರು ಕಾಣದಿದ್ದರೆ ನನ್ನ ಪಿಎಚ್.ಡಿ. ಗೋವಿಂದ.

ಗುರುವಾರ ನನ್ನ ಕುಬಸ, ಅಂದರೆ ಸೀಮಂತ, ಆಯಿತು. ಹಸಿರು ಸೀರೆ, ಎರಡೂ ಕೈತುಂಬ ಹಸಿರು ಗಾಜಿನ ಬಳೆ. ನಿಡೋಣಿಯಿಂದ ಬಂದಿದ್ದ ನಿನ್ನ ಅಜ್ಜಿ, ನನ್ನ ಅತ್ತೆ ಕಾಶಿಬಾಯಿ, ಆರತಿಗೆ ಮುಂದೆ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತು, ಹೆರಿಗೆಯ ತನಕ ಬಳೆ ತೆಗೆಯಬಾರದೆಂದರು.

ಮರುದಿನ ಲ್ಯಾಬಿನ ಬಾಗಿಲಲ್ಲಿ ನನ್ನ ಗೈಡ್ ಸುರೈಯಾ ಮೇಡಂ ತಡೆದರು. ಬಳೆಗೆ ತಾಗಿದ ಕಿರಣ ಎತ್ತ ಹಾರುತ್ತದೋ ಹೇಳಲಾಗದು, ಯಾರದಾದರೂ ಕಣ್ಣು ಹೋಗುತ್ತದೆ. “ಬಳಿ ತಗದ್ರ ಒಳಗ ಬಾ, ನಂದಾ. ಇಲ್ಲಂದ್ರ ಮನಿಗೆ ಹೋಗು,” ಅಂದರು.

ಮನೆಗೆ ಬಂದು, ಬಳೆಯ ಮೇಲೆ ಕಪ್ಪು ಬಟ್ಟೆ ಸುತ್ತಿಕೊಳ್ಳುತ್ತೇನೆಂದರೆ, ಬಸುರಿಯ ಕೈಗೆ ಕರಿಬಟ್ಟೆಯೇ ಎಂದು ಅತ್ತೆ ಮುಖ ತಿರುಗಿಸಿದರು. ತಾವೇ ಕೂತು ಬಳೆ ಮುಚ್ಚುವ ಉದ್ದ ತೋಳು ಹೊಲಿದರು. ಮನೆಯಲ್ಲಿದ್ದ ಒಳ್ಳೆಯ ಬಟ್ಟೆಯನ್ನೇ ಆರಿಸಿದ್ದರು, ಜರಿಯ ಖಣ. ಅದೇ ಸಂಜೆ ಮೇಡಂ ದೀಪಕ್ಕೆ ಹಿಡಿದು ನೋಡಿದರೆ ಅದು ಬಳೆಗಿಂತ ಹೆಚ್ಚು ಮಿಂಚಿತು.

ನಿನಗಿಂತ ಮೊದಲಿನ ಕೂಸು ಐದನೇ ತಿಂಗಳಲ್ಲಿ ಹೋಯಿತು. ಅದಕ್ಕೂ ಬಳೆಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಹೆದರಿದೆ.

ಖಣವೂ ನಡೆಯದೆಂದು ತಿಳಿದ ಅತ್ತೆ ಶನಿವಾರ ನನ್ನ ಜೊತೆಯೇ ಆಟೋ ಹತ್ತಿದರು. ಲ್ಯಾಬಿನ ಹೊರಗಿನ ನಲ್ಲಿಯಲ್ಲಿ ನನ್ನ ಕೈಗೆ ಸಾಬೂನು ಹಚ್ಚಿ ಬಳೆ ಇಳಿಸಿದರು. “ಇವನ್ನ ಕೆಳಗ ಇಡಬಾರದು,” ಎನ್ನುತ್ತ ಒಂದೊಂದನ್ನೂ ತಮ್ಮ ಕೈಗೇ ಏರಿಸಿಕೊಂಡರು. ಮಾವ ತೀರಿಕೊಂಡಾಗಿನಿಂದ ಬರಿದಾಗಿದ್ದ ಕೈಗಳು. ಹೋಗಿಬರುವವರು ನಿಂತು ನೋಡಿದರು.

“ನೀ ಒಳಗ ಹೋಗವಾ. ಕೂಸಿನ ಬಳಿ ನಾ ಹಿಡಕೊಂಡೀನಿ.”

ಹರಳಿನ ಆಚೆ ಬದಿಯಿಂದ ಹಸಿರು ಬಂತು. ಹೊರಬಂದಾಗ ಅವರು ಬೆಂಚಿನ ಮೇಲೆ, ಕೈಗಳನ್ನು ಮಡಿಲಿಂದ ಕದಲಿಸದೆ ಕೂತಿದ್ದರು. ಬಳೆಗಳನ್ನು ಮರಳಿ ಹಾಕಿಕೊಳ್ಳುವಾಗ ಒಂದನ್ನು ನಾನು ಅವರ ಕೈಯಲ್ಲೇ ಬಿಟ್ಟೆ. ಅವರು ಅದನ್ನು ತೆಗೆಯಲಿಲ್ಲ. ಈಗ ನೆರೆಯವರು ಕೇಳಿದರೆ, “ನಂದಲ್ಲ, ಕೂಸಿಂದು,” ಎನ್ನುತ್ತಾರೆ.

ಸುಖವಾಗಿ ಬಾ, ನೂರು ಕಾಲ ಬಾಳು. ಬಂದ ಮೇಲೆ ಆ ಬಳೆಯನ್ನು ಮಾತ್ರ ಅಜ್ಜಿಯಿಂದ ಕೇಳಿ ಪಡೆಯಬೇಡ.

ನಿನ್ನ ದಾರಿ ಕಾಯುತ್ತಿರುವ
ನಂದಾ
ಜಲನಗರ, ವಿಜಯಪುರ