ಹರಿವಿಗೆ ಹೋಗುವ ಕಡೆಯ ಹೆಸರು

ಅತ್ತಿಗೆ,

ಹಡಗು ನಿನ್ನೆ ಬಂದರು ಸೇರಿತು, ನಾನೂ ಇಡಿಯಾಗಿ ಇಳಿದೆ. ಸಮುದ್ರದ ಹರಿವನ್ನು ಅಳೆಯಲು ಹೋದ ವರ್ಷ ಮುಳುಗಿಸಿಟ್ಟಿದ್ದ ನನ್ನ ಯಂತ್ರ ಹಗ್ಗ ಕಿತ್ತುಕೊಂಡು ತೇಲಿಹೋಗಿತ್ತು. "ಇಲ್ಲಿ ಉತ್ತರದ ಹರಿವು, ಬೇಗ ಹುಡುಕಿ" ಎಂದೆ. ಜೊತೆಗಿದ್ದ ಗಾಳಿ ತಜ್ಞ, ಕಪ್ತಾನನಿಗೆ ದಕ್ಷಿಣಕ್ಕೆ ತಿರುಗಿಸಲು ಹೇಳಿಬಿಟ್ಟ! ಅರ್ಧ ದಿನ ನೀರುಪಾಲು. ಬೈದರೆ ತಲೆ ಕೆರೆದುಕೊಂಡ: "ಗಾಳಿಗೆ ಬಂದ ಕಡೆ ಹೆಸರು ಇಡ್ತೀವಿ ಮೇಡಂ. ನೀರಿಗೆ ಹೋಗೋ ಕಡೆ ಹೆಸರು ಅನ್ನೋದು ಮರ್ತೇ ಹೋಯ್ತು." ಕೊನೆಗೆ ಉತ್ತರದಲ್ಲೇ ಸಿಕ್ಕಿತು, ಮೈತುಂಬ ಚಿಪ್ಪು ಮೆತ್ತಿಕೊಂಡು ಹಲಸಿನಹಣ್ಣಿನ ಹಾಗೆ. ಒಳಗಿನ ಅಳತೆಗಳು ಕ್ಷೇಮ.

ವಾಂತಿ ನಿಂತಿದೆ. ಮಂಡಿನೋವು ಹಾಗೇ ಇದೆ, ನೀನು ಕಟ್ಟಿಕೊಟ್ಟ ಎಣ್ಣೆ ಮುಗಿಯಿತು.

ಆ ಗಾಳಿ ತಜ್ಞನ ಮಾತು ಕೇಳಿ ನಿನ್ನ ನೆನಪಾಯಿತು. ಮದುವೆಯಾಗಿ ಇಷ್ಟು ವರ್ಷವಾದರೂ ಅಮ್ಮ ನಿನ್ನನ್ನು "ಹೊಳೆಯಾಚೆಯವಳು" ಎನ್ನುತ್ತಾಳಲ್ಲ, ಅದು ಗಾಳಿಯ ಲೆಕ್ಕ. ನನ್ನ ಕಸುಬು ಪೂರ್ತಿ ನೀರಿನ ಲೆಕ್ಕ. ಆ ಲೆಕ್ಕದಲ್ಲಿ ನೀನು ನಮ್ಮನೆಯವಳು. ಮನೆಗೆ ಬಂದ ಟಪಾಲನ್ನೆಲ್ಲ ಅಮ್ಮನೇ ಮೊದಲು ಓದುತ್ತಾಳೆಂದು ಗೊತ್ತಿದ್ದೇ ಕವರು ಬಿಟ್ಟು ಕಾರ್ಡು ಹಾಕಿದ್ದೇನೆ.

ನಿನ್ನ ನಾದಿನಿ