ಪೇಪರ್ ಓದುವಷ್ಟು ಬೆಳಕು

ರಬಕವಿ
೧೭ ನವೆಂಬರ್ ೨೦೨೪

ನನ್ನ ರೇಷ್ಮಾ,

ಅವ್ವನ ಆಶೀರ್ವಾದ. ಪೊಲೀಸ್ ತರಬೇತಿಯಲ್ಲಿ ಫೋನು ಇಸಿದುಕೊಳ್ಳುತ್ತಾರೆಂದು ನೀನು ಪತ್ರ ಬರೆದು ತಿಂಗಳ ಮೇಲಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಓಡಿ ಓಡಿ ಕಾಲು ಬಾತಿವೆ ಎಂದಿದ್ದೆ, ಈಗ ಹೇಗಿವೆ? ಉಪ್ಪು ಹಾಕಿದ ಬಿಸಿನೀರಲ್ಲಿ ಇಡು.

ಮನೆಯ ಸುದ್ದಿ ಎಂದರೆ ಅಣಬೆ. ಮಗ್ಗ ತೆಗೆದ ಕೋಣೆಯಲ್ಲಿ ನಾನೂ ಅಪ್ಪನೂ ಅಣಬೆ ಹಾಕಿದ್ದೇವೆ. ಮಹಾಲಿಂಗಪುರದಲ್ಲಿ ಅದನ್ನೇ ಬೆಳೆಯುವ ಮಧುಮತಿ ಬೀಜ ಕೊಟ್ಟು ಕಲಿಸಿದಳು. ಬೇಯಿಸಿದ ಗೋಧಿ ಹೊಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನಡುನಡುವೆ ಬೀಜ ಹಾಕಿ, ಕತ್ತಲಲ್ಲಿ ತೂಗುಬಿಟ್ಟೆವು. ಚೀಲದ ತುಂಬ ಬಿಳಿ ನೂಲಿನಂಥ ಎಳೆ ಹಬ್ಬಿತು.

ಆದರೆ ಮೊದಲು ಬಂದ ಅಣಬೆ ಕೊಡೆಯಾಗಲೇ ಇಲ್ಲ. ಕಾಂಡವೇ ಉದ್ದ, ತುದಿಗೆ ಗುಂಡಿಯಷ್ಟು ಟೋಪಿ. ಮಧುಮತಿಗೆ ಫೋನ್ ಮಾಡಿದೆ. ಎಳೆ ಹಬ್ಬಲು ಕತ್ತಲೆ ಸಾಕು, ಅಣಬೆ ಅರಳಲು ಬೆಳಕೂ ಹೊಸ ಗಾಳಿಯೂ ಬೇಕು ಎಂದಳು. "ಒಳಗ ನಿಂತ ಪೇಪರ್ ಓದಾಕ ಬರೂವಷ್ಟ ಬೆಳಕಿರಲಿ, ಅಕ್ಕಾರ. ಬಿಸಲ ಮಾತ್ರ ಬೀಳಬಾರದ್ರಿ."

ಆ ಕೆಲಸ ಅಪ್ಪ ವಹಿಸಿಕೊಂಡರು. ಪೇಪರ್ ಹಿಡಿದು ಒಳಗೆ ಹೋಗುವರು, "ಇನ್ನೂ ಕತ್ತಲಿ ಐತಿ" ಎನ್ನುತ್ತ ಹೊರಬರುವರು. ಒಂದು ಕಿಟಕಿ ತೆಗೆದರು, ಮತ್ತೊಂದು ತೆಗೆದರು, ಕಡೆಗೆ ಮಾಡಿನ ತಗಡನ್ನೇ ಸರಿಸಿದರು. ಬಿಸಿಲೂ ಒಣಗಾಳಿಯೂ ನೇರ ಚೀಲಕ್ಕೆ ಬಡಿದು, ಆಗಷ್ಟೇ ಮೂಡಿದ್ದ ಮೊಗ್ಗುಗಳೆಲ್ಲ ಹಳದಿಯಾಗಿ ಮುರುಟಿದವು.

ಮಧುಮತಿಯೇ ಬಂದು ನೋಡಿದಳು. ತಗಡು ಮೊದಲಿನ ಹಾಗೆ ಹಾಕಿಸಿ, ಒಂದೇ ಕಿಟಕಿ ತೆರೆದಿಟ್ಟು, ಕೋಣೆಯ ಮೂಲೆಯಲ್ಲಿ ನಿಂತು ಪೇಪರಿನ ಸಣ್ಣ ಅಕ್ಷರಗಳನ್ನೂ ಸರಾಗವಾಗಿ ಓದಿದಳು. "ಇಷ್ಟ ಸಾಕಾಗಿತ್ತಲ್ರಿ, ಅಣ್ಣಾರ" ಎಂದಳು. ಅಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು.

ಈಗ ಬೆಳಕನ್ನು ನಾನೇ ನೋಡಿಕೊಳ್ಳುತ್ತೇನೆ. ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿದ್ದೇವೆ. ನೀರು ಸಿಂಪಡಿಸುವುದು ಅಪ್ಪನ ಪಾಲು. ಮೊನ್ನೆ ಅಂಗೈಯಗಲದ ಅಣಬೆ ಗೊಂಚಲು ಗೊಂಚಲಾಗಿ ಬಂದವು. ಅಪ್ಪ ಒಂದೊಂದನ್ನೂ ಬೆರಳಿಂದ ತಡವಿ, ಮೆಲ್ಲಗೆ ತಿರುವಿ ಕಿತ್ತರು. ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದೆ. ಮತ್ತೆ ಹಾಕಿಸಿಕೊಂಡು ಉಂಡರು. ರೇಷ್ಮಾಗೂ ಒಂದಿಷ್ಟು ಒಣಗಿಸಿ ಇಡು ಎಂದರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಜೊತೆಯ ಹುಡುಗಿಯರೊಂದಿಗೆ ನಗುನಗುತ್ತ ಇರು. ಖಾಕಿ ತೊಟ್ಟ ಮೈಗೆ ಯಾರ ದೃಷ್ಟಿಯೂ ತಾಗದಿರಲಿ.

ನಿನ್ನ ಅವ್ವ,
ತಾರವ್ವ

ತಾ.ಕ.: ಇದನ್ನು ಬರೆಯಬೇಡ ಎಂದಿದ್ದರು ಅಪ್ಪ. ಬರೆಯದೆ ಇರಲಾರೆ. ಮಧುಮತಿ ಹೋದ ಮೇಲೆ ಅದೇ ಪೇಪರನ್ನು ಅಂಗಳದ ಬಿಸಿಲಲ್ಲಿ ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ಹಿಡಿದು ನಿಂತು, "ಇಲ್ಲೂ ಕಾಣವಲ್ದು, ತಾರಾ" ಎಂದರು. ಜಮಖಂಡಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಶುಗರಿನಿಂದ ಕಣ್ಣಿನ ಒಳಪರದೆ ಕೆಟ್ಟಿದೆಯಂತೆ. ಹೋದ ದೃಷ್ಟಿ ಮರಳದು, ಉಳಿದದ್ದನ್ನು ಕಾಯ್ದುಕೊಳ್ಳಬಹುದು ಎಂದರು. ಇದು ತಿಳಿದರೆ ನೀನು ಎಲ್ಲ ಬಿಟ್ಟು ಬಂದುಬಿಡುತ್ತೀ ಎಂಬ ಭಯ ಅವರಿಗೆ. ಬರಬೇಡ. ತರಬೇತಿ ಮುಗಿಯುವ ದಿನದ ಪರೇಡಿಗೆ ನಾವೇ ಬರುತ್ತೇವೆ. ಒಂದೇ ಬಣ್ಣದ ಬಟ್ಟೆಯ ಅಷ್ಟು ಹುಡುಗಿಯರಲ್ಲಿ ನನ್ನ ಮಗಳು ಯಾರೆಂದು ಹೇಗೆ ತಿಳಿಯಲಿ ಎಂದು ನಿನ್ನೆ ಕೇಳಿದರು. ನೀನು ಮುಂದೆ ಹಾಯುವಾಗ ಅವರ ಕೈ ಒತ್ತುತ್ತೇನೆ ಎಂದಿದ್ದೇನೆ. ಯಾವ ಸಾಲಿನಲ್ಲಿ ಇರುತ್ತೀ, ತಿಳಿಸು.