ತಳ್ಳಿ ಹತ್ತುವವಳು

ಅಕ್ಕಾ,

ಅಪ್ಪನ ಹಳೇ ಕಾರಿನಂಥದ್ದೇ ಒಂದನ್ನು ಇವತ್ತು ಕೊಂಡೆ. ಅದೇ ಹಸಿರು ಬಣ್ಣ, ಬಾಗಿಲು ಹಾಕಿದರೆ ಅದೇ ಧಡ್ ಸದ್ದು. "ಹೊಸ ಸೆಲ್ಫ್ ಹಾಕಿದ್ದೀನಿ, ತಳ್ಳೋ ತಾಪತ್ರಯ ಇಲ್ಲ ಸರ್," ಎಂದ ಮೆಕ್ಯಾನಿಕ್.

ನಮ್ಮ ಕಾರಿಗೆ ನೀನೇ ಸೆಲ್ಫ್ ಆಗಿದ್ದೆಯಲ್ಲ! ನಾನು ಸ್ಟೀರಿಂಗ್ ಹಿಡಿದು ಕೂತರೆ, ನೀನು ಚಪ್ಪಲಿ ಒಳಗೆಸೆದು, ಒಬ್ಬಳೇ ತಳ್ಳಿ, ಇಂಜಿನ್ ಗುರ್ ಎಂದ ಕೂಡಲೇ ಓಡಿ ಬಂದು ಹಾರಿ ಕೂರುತ್ತಿದ್ದೆ. ಅಂಥ ಗಟ್ಟಿಗಿತ್ತಿಯನ್ನು ಮತ್ತೆಲ್ಲೂ ಕಾಣಲಿಲ್ಲ. "ಒಂದ್ಸಲ ನಾನು ಓಡಿಸ್ತೀನಿ ಕಣೋ," ಎಂದು ನೀನು ಕೇಳಿದಾಗಲೆಲ್ಲ ನಾನು "ನಾಳೆ" ಎನ್ನುತ್ತಿದ್ದೆ.

ಇವತ್ತು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನೀನು ಹೋಗಿ ಹನ್ನೊಂದು ವರ್ಷವಾದರೂ ಅಭ್ಯಾಸ ಬಿಟ್ಟಿಲ್ಲ ನೋಡು, ಪಕ್ಕದ ಬಾಗಿಲು ತೆರೆದು ಕಾದೆ.

"ಯಾರಾದ್ರೂ ಬರೋರಿದ್ದಾರಾ ಸರ್?"

"ಹೂಂ," ಎಂದು ನಾನು ಪಕ್ಕದ ಸೀಟಿಗೆ ಸರಿದು ಕೂತೆ.